ಸಿಯದೋರಿಸ್ ಮಾಮ ಕಂಡ ಹಾಲು

ಬೆಳಿಗ್ಗೆ ಒಂಬತ್ತೂವರೆಗಿಂತ ಮುಂಚೆ ರತ್ನದ ಕಲ್ಲು ನೋಡುವವನು ಆತುರಗಾರ, ಹನ್ನೊಂದರ ಮೇಲೆ ನೋಡುವವನು ಮೋಸಗಾರ, ಸಂಜೆ ದೀಪದಲ್ಲಿ ನೋಡುವವನು ಹೊಸದಾಗಿ ಮದುವೆಯಾದವನು ಎಂದು ರತ್ನಪುರದ ಪೇಟೆಯಲ್ಲಿ ಒಂದು ಮಾತಿದೆ. ಉಳಿದ ಒಂದೂವರೆ ಗಂಟೆಯನ್ನೇ ನಂಬಿಕೊಂಡು ಸಿಯದೋರಿಸ್ ಮಾಮ ನಲವತ್ತು ವರ್ಷ ಸಂಸಾರ ಮಾಡಿದ.

ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ ಅವನ ಮನೆ. ಜಗಲಿಯ ಮೇಲೆ ಬೆತ್ತದ ಕುರ್ಚಿ. ಸೂರ್ಯನಿಗೆ ಬೆನ್ನು ಕೊಟ್ಟು ಕೂತು, ಕಲ್ಲನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಸಿಕ್ಕಿಸಿ, ಕೈಯನ್ನು ಮಗುವಿನ ಮುಖ ತಿರುಗಿಸುವ ಹಾಗೆ ನಿಧಾನ ತಿರುಗಿಸುವನು. ಬಣ್ಣ ಕಲ್ಲಿನ ತುಂಬ ಹರಡಿದೆಯೋ, ಸೋಮಾರಿಯ ಹಾಗೆ ಒಂದು ಮೂಲೆಯಲ್ಲಿ ಮಲಗಿದೆಯೋ? ಒಳಗೆ ಹೋದ ಬೆಳಕು ವಾಪಸು ಬರುತ್ತದೆಯೋ, ತಳವಿಲ್ಲದ ಬಾವಿಗೆ ಬಿದ್ದ ಕೊಡದಂತೆ ಹೋಗಿಯೇ ಬಿಡುತ್ತದೆಯೋ? ಆಮೇಲೆ ಭೂತಗನ್ನಡಿ. ಕಲ್ಲಿನ ಹೊಟ್ಟೆಯೊಳಗೆ ರೇಷ್ಮೆಯಂಥ ಎಳೆಗಳಿರುತ್ತವೆ. ಎಳೆ ಎಳೆಯಾಗಿಯೇ ಉಳಿದಿದ್ದರೆ ಆ ಕಲ್ಲು ಬೆಂಕಿ ಕಂಡಿಲ್ಲ. ಚುಕ್ಕೆ ಚುಕ್ಕೆಯಾಗಿ ಕರಗಿದ್ದರೆ ಯಾರೋ ಕುಲುಮೆಗೆ ಹಾಕಿ ಬಣ್ಣ ಏರಿಸಿದ್ದಾರೆ. ಬೆಂಕಿ ಕಾಣದ ನೀಲಕ್ಕೂ ಕಂಡ ನೀಲಕ್ಕೂ ಬೆಲೆಯಲ್ಲಿ ಇರುವ ಅಂತರ ಅತ್ತೆ ಮನೆಗೂ ತವರು ಮನೆಗೂ ಇರುವಷ್ಟು.

ಸಿಯದೋರಿಸ್ ಕೊಳ್ಳುತ್ತಿರಲಿಲ್ಲ, ಮಾರುತ್ತಿರಲಿಲ್ಲ. "ಕೊಳ್ಳೋನ ಕಣ್ಣು ಬಣ್ಣ ಕುಡಿದುಬಿಡುತ್ತೆ, ಮಾರೋನ ಕಣ್ಣು ಬಣ್ಣ ಬಳಿಯುತ್ತೆ. ನಂದು ಬರೀ ನೋಡುತ್ತೆ" ಎನ್ನುವನು. ಹೇಳಿದ್ದಕ್ಕೆ ಒಂದು ಕಟ್ಟು ವೀಳ್ಯದೆಲೆ ಕೊಡಬೇಕು, ಎಲೆಯ ಕೆಳಗೆ ಮನಸ್ಸಿಗೆ ಬಂದದ್ದನ್ನು ಇಡಬೇಕು. ಇಟ್ಟವರು ಓಣಿ ದಾಟುವತನಕ ಅವನು ಎಲೆ ಎತ್ತಿ ನೋಡಿದವನಲ್ಲ. ಆ ಕೆಲಸ ಹೆಂಡತಿ ಎಮಲಿನ್‌ಳದು. ಆಕೆ ಓಣಿ ದಾಟುವವರೆಗೂ ಕಾಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವನ ಮನೆಯ ದೀಪಕ್ಕೆ ಮೀಸೆ ಬಂತು. ಆಮೇಲೆ ಹುಣ್ಣಿಮೆಯ ಚಂದ್ರ ಎರಡಾದ. "ಎರಡು ಚಂದ್ರ ಇದ್ದಾನೆ ಅಂತ ಎರಡು ಸಲ ಉಪವಾಸ ಮಾಡೋಕಾಗುತ್ತಾ, ಡಾಕ್ಟರ ಹತ್ರ ಹೋಗಿ" ಎಂದು ಎಮಲಿನ್ ಗದರಿಸಿ ಕಳಿಸಿದಳು. ಆಸ್ಪತ್ರೆಯಲ್ಲಿ ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ, "ತಾತ, ಎರಡು ಕಣ್ಣಿಗೂ ಪೊರೆ ಬಂದಿದೆ. ಬಲಗಣ್ಣು ಪೂರ್ತಿ ಹಣ್ಣಾಗಿದೆ. ತೆಗೆದು ಒಂದು ಚೂರು ಗಾಜು ಹಾಕ್ತೀವಿ, ಅಷ್ಟೆ" ಎಂದಳು.

ಗಾಜು! ಜೀವಮಾನವೆಲ್ಲ ಗಾಜನ್ನು ಕಲ್ಲಿನಿಂದ ಬೇರೆ ಮಾಡಿ ಬೀದಿಗೆ ಎಸೆದವನು ಅವನು. ಬಸ್ಸು ಹತ್ತಿ ಮನೆಗೆ ಬಂದವನೇ ಕುರ್ಚಿಯಲ್ಲಿ ಕೂತು ಹೇಳಿದ:

"ಗಾಜು ಹಾಕಿಸ್ಕೊಂಡ ಕಣ್ಣಿಗೆ ಯಾರೇ ಕಲ್ಲು ತೋರಿಸ್ತಾರೆ? ಬೆಂಕಿ ಕಾಣದ ಕಲ್ಲು ನೋಡೋಕೆ ಕತ್ತಿ ಕಾಣದ ಕಣ್ಣೇ ಆಗಬೇಕು."

"ಪೇಟೆ ಕಲ್ಲು ಹಾಳಾಗ್ಲಿ, ಅನ್ನದಲ್ಲಿರೋ ಕಲ್ಲಾದ್ರೂ ಕಾಣುತ್ತಲ್ಲ" ಎಂದಳು ಎಮಲಿನ್. ಅದರ ಹಿಂದಿನ ದಿನ ಅವನು ಚಹಾದ ಜೊತೆ ಬೆಲ್ಲವೆಂದು ಹುಣಿಸೆಯ ಉಂಡೆ ಕಚ್ಚಿದ್ದ.

ಅಂದಿನಿಂದ ಸಿಯದೋರಿಸ್ ಕಣ್ಣು ಬಿಟ್ಟು ಉಳಿದ ಎಲ್ಲದರಿಂದಲೂ ಕಲ್ಲು ನೋಡತೊಡಗಿದ. ತುಟಿಗೆ ತಾಗಿಸಿದರೆ ಕಲ್ಲು ತಣ್ಣಗೆ, ಗಾಜು ಬೆಚ್ಚಗೆ. ಅಂಗೈಯಲ್ಲಿ ತೂಗಿದರೆ ತೂಕ ಗೊತ್ತು. ಯಾವ ಹೊಲದ್ದು, ಎಷ್ಟು ಆಳದ್ದು ಎಂದು ಕೇಳಿದರೆ ಅರ್ಧ ಬಣ್ಣ ಅಲ್ಲೇ ತಿಳಿಯುತ್ತಿತ್ತು. ಮಿಕ್ಕರ್ಧ ದಲ್ಲಾಳಿಗಳ ಉಸಿರಿನಲ್ಲಿ ಇರುತ್ತಿತ್ತು. ಒಳ್ಳೆಯ ಕಲ್ಲು ತಂದವನು ಉಸಿರು ಹಿಡಿದು ಕೂರುತ್ತಾನೆ, ಸುಟ್ಟ ಕಲ್ಲು ತಂದವನು ಹವಾಮಾನದ ಮಾತಾಡುತ್ತಾನೆ. ಸಿಯದೋರಿಸ್ ಭೂತಗನ್ನಡಿ ಕಣ್ಣಿಗಿಟ್ಟು ಕಿವಿಯಿಂದ ನೋಡುತ್ತಿದ್ದ. ಮೂರು ವರ್ಷದಲ್ಲಿ ಒಂದೂ ತಪ್ಪಲಿಲ್ಲ. ಪೇಟೆಯವರಾದ ನಾವು "ಮಾಮನ ಕಣ್ಣು ವಯಸ್ಸಾದಷ್ಟೂ ಚುರುಕಾಗ್ತಿದೆ" ಎಂದು ಹೊಗಳುತ್ತಿದ್ದೆವು. ಕಲ್ಲಿನ ಊರಿನವರಿಗೆ ಕಲ್ಲಿನ ವಿಷಯ ಬಿಟ್ಟು ಬೇರೆಯದರಲ್ಲಿ ಇರುವ ಬುದ್ಧಿ ಅಷ್ಟೆ.

ಆ ವರ್ಷ ಮಳೆ ಹೆಚ್ಚಾಗಿ ಕುರುವಿಟ ದಾರಿಯ ಗದ್ದೆಯಲ್ಲಿ ಕಲ್ಲು ತೆಗೆಯುವ ಗುಂಡಿಯೊಂದು ಕುಸಿಯಿತು. ಮಣ್ಣು ಜರಿಯದಂತೆ ಗುಂಡಿಯ ಗೋಡೆಗೆ ಒತ್ತಿದ್ದ ಮರದ ಕಂಬ, ಜರಿಗಿಡದ ಹೊರೆ ಎಲ್ಲ ಸೇರಿ ಕೆಳಗೆ ಅಗೆಯುತ್ತಿದ್ದ ಮುತುಬಂಡನೆಂಬ ಆಳಿನ ಮೇಲೆ ಬಿತ್ತು. ಎರಡು ದಿನ ನೀರು ಎತ್ತಿದ ಮೇಲೆ ಅವನನ್ನು ಎತ್ತಿದರು. ಅವನ ಹೆಂಡತಿ ಯಸವತಿ ಗುಂಡಿಯಿಂದ ದೂರ ರಸ್ತೆಯಲ್ಲೇ ನಿಂತಿದ್ದಳು. ಗುಂಡಿಯ ಹತ್ತಿರ ಹೆಂಗಸು ಬರಬಾರದು. ಬಂದರೆ ಅಪಾಯ ಆಗುತ್ತದಂತೆ.

ನಮ್ಮ ಕಡೆ ಒಂದು ಕಟ್ಟಳೆ ಇದೆ. ಆಳನ್ನು ನುಂಗಿದ ಗುಂಡಿಯಿಂದ ಆಮೇಲೆ ಮೊದಲು ಸಿಗುವ ಕಲ್ಲು ಸತ್ತವನ ಮನೆಗೆ ಹೋಗಬೇಕು. ಭೂಮಿಯೊಡೆಯನಿಗೂ ನೀರೆತ್ತುವ ಪಂಪಿನವನಿಗೂ ಅಗೆದವರಿಗೂ ಅದರಲ್ಲಿ ಪಾಲಿಲ್ಲ. ಸಾಮಾನ್ಯವಾಗಿ ಆ ಮೊದಲ ಕಲ್ಲು ಮೂಗುಬೊಟ್ಟಿಗೂ ಆಗದ ಚೂರಾದ್ದರಿಂದ ಈ ಕಟ್ಟಳೆಯನ್ನು ಎಲ್ಲರೂ ಬಹಳ ಭಕ್ತಿಯಿಂದ ಪಾಲಿಸುತ್ತಾರೆ. ಈ ಸಲ ಒಂಬತ್ತನೆಯ ದಿನ ಬುಟ್ಟಿಯಲ್ಲಿ ಮಣ್ಣು ತೊಳೆಯುವಾಗ, ಹಲಸಿನ ಬೀಜದ ಅರ್ಧದಷ್ಟು ದೊಡ್ಡ ನೀಲವೊಂದು ಮೇಲೆ ಬಂತು. ಎಂಟು ಜನ ಅದನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಎಂಜಲು ನುಂಗಿದರು. ಗುಂಡಿಯ ಮೇಸ್ತ್ರಿ ಹೇಮಪಾಲ ಯಾರ ಮನಸ್ಸೂ ಬದಲಾಗುವ ಮೊದಲು, ಮುಖ್ಯವಾಗಿ ತನ್ನದು, ಅದನ್ನು ಎಲೆಯಲ್ಲಿ ಸುತ್ತಿ ಯಸವತಿಯ ಕೈಗೆ ಹಾಕಿದ.

ಯಸವತಿಗೆ ಆ ಕಲ್ಲು ಎಂದರೆ ಒಂದೇ ಅರ್ಥ: ನೆಲ. ಅವಳ ಗುಡಿಸಲು ನಿಂತಿದ್ದದ್ದು ಅದೇ ಭೂಮಿಯೊಡೆಯನ ಜಾಗದಲ್ಲಿ. ಅದರ ಕೆಳಗೂ ರತ್ನ ಸಿಗುವ ಕಲ್ಲುಮಣ್ಣು ಇದೆಯೆಂದು ಅವನಿಗೆ ಖಾತ್ರಿಯಾಗಿತ್ತು. ಅವನು ಕೆಟ್ಟವನಲ್ಲ, ಅದೇ ಕಷ್ಟ. "ಗಂಡನ ಹೆಸರಲ್ಲಿ ಭಿಕ್ಷುಗಳಿಗೆ ಕೊಡೋ ಮೂರು ತಿಂಗಳ ದಾನ ಮುಗೀಲಿ ತಂಗಿ. ಅಷ್ಟರಲ್ಲಿ ಆ ತುಂಡು ನೆಲ ನೀನೇ ಕೊಂಡ್ಕೋ, ಇಲ್ಲದಿದ್ರೆ ಬಿಟ್ಟುಕೊಡು, ನಾನು ಗುಂಡಿ ತೋಡಿಸ್ಬೇಕು" ಎಂದಿದ್ದ. ಮುತುಬಂಡನ ಸಮಾಧಿಯೂ ಹಿತ್ತಲಿನ ಮೂಲೆಯಲ್ಲೇ ಇತ್ತು. ಅದರ ಕೆಳಗೂ ಕಲ್ಲುಮಣ್ಣು ಇದ್ದಿರಬೇಕು.

ಕಲ್ಲು ಕೊಳ್ಳಲು ಕರಾವಳಿಯಿಂದ ಬರುವ ಹಾಜಿಯಾರ್ ಒಬ್ಬರು, ಬೆಂಕಿ ಕಾಣದ, ಹಾಲಿಲ್ಲದ ನೀಲವಾದರೆ ನೆಲಕ್ಕೆ ಸಾಲಿ ಮಿಗುವಷ್ಟು ಕೊಡುತ್ತೇನೆ ಎಂದಿದ್ದರು. ಆದರೆ ಸಿಯದೋರಿಸ್ ಹೇಳಬೇಕು. ಒಳಗೆ ಹಾಲಿನಂಥ ಮಬ್ಬು ಇದ್ದರೆ ಹಸಿಯಾಗಿ ಮಾರಿ ಪ್ರಯೋಜನವಿಲ್ಲ. ಕುಲುಮೆಗೆ ಹಾಕಬೇಕು, ಹಾಲು ಕರಗಿ ನೀಲಿ ಏರುತ್ತದೆ. ಸತ್ತವನ ಕಲ್ಲನ್ನು ಪೇಟೆಯಲ್ಲಿ ಹತ್ತು ಕೈಗೆ ಕೊಡುವ ಹಾಗಿಲ್ಲ. ಒಬ್ಬ ಹಿರಿಯ ನೋಡಬೇಕು, ಒಂದು ಮಾತು ಹೇಳಬೇಕು, ಮುಗಿಯಿತು. ಅದಕ್ಕೆ ಎರಡನೆಯ ನಾಲಗೆ ತಾಗಬಾರದು.

ಹೇಮಪಾಲ ಮತ್ತು ಯಸವತಿ ಬಂದಾಗ ಒಂಬತ್ತೂಮುಕ್ಕಾಲು. ಮೋಡವಿಲ್ಲದ ಬಿಸಿಲು.

"ಮಾಮ, ಕಟ್ಟಳೆ ಕಟ್ಟಳೆನೇ. ನಾನು ಒಂದು ಮಾತೂ ಆಡಲ್ಲ, ನಾಲಗೆ ಕಚ್ಕೊಂಡು ಕೂತಿದ್ದೀನಿ" ಎಂದ ಹೇಮಪಾಲ. "ಆದ್ರೂ ಒಂದೇ ಒಂದು..."

"ಕಚ್ಕೊಂಡಿರೋದನ್ನ ಬಿಡಬೇಡ."

ಸಿಯದೋರಿಸ್ ಕಲ್ಲನ್ನು ಬೆರಳ ಸಂದಿಗೆ ಸಿಕ್ಕಿಸಿದ. ತೂಕ ಚೆನ್ನಾಗಿತ್ತು. ತುಟಿಗೆ ಇಟ್ಟರೆ ಗುಡ್ಡದ ನೀರಿನ ತಂಪು. ಅಷ್ಟರಮಟ್ಟಿಗೆ ಸರಿ. ಕಿವಿ ಅಗಲಿಸಿದ. ಹೇಮಪಾಲನ ಉಸಿರು ದಪ್ಪವಾಗಿ ಓಡುತ್ತಿತ್ತು, ಆದರೆ ಆ ಮನುಷ್ಯ ಬಸ್ಸಿಗೆ ಕಾಯುವಾಗಲೂ ಹಾಗೇ ಉಸಿರಾಡುವವನು. ಯಸವತಿಯ ಕಡೆಯಿಂದ ಯಾವ ಸದ್ದೂ ಇರಲಿಲ್ಲ. ಅವಳಿಗೆ ಕಲ್ಲಿನ ವಿಷಯ ಏನೂ ತಿಳಿಯದು. ಕದ್ದು ಕೇಳಲು ಏನೂ ಸಿಗಲಿಲ್ಲ. ನೋಡಲೇಬೇಕಾಯಿತು.

ನೋಡಿದ. ಹಾಲು ಕಂಡಿತು. ತೆಳುವಾಗಿ, ನೀಲಿಯ ಮೇಲೆ ಕೆನೆ ಕಟ್ಟಿದ ಹಾಗೆ.

ಕಲ್ಲಿನೊಳಗಿನ ಹಾಲು ಕಲ್ಲು ತಿರುಗಿದರೆ ತಾನೂ ತಿರುಗುತ್ತದೆ. ಇದನ್ನು ಅವನೇ ಎಷ್ಟೋ ಜನಕ್ಕೆ ಕಲಿಸಿದ್ದ. ತಿರುಗಿಸಿದ. ಹಾಲು ಇದ್ದಲ್ಲೇ ಇತ್ತು. ಇನ್ನೊಮ್ಮೆ ತಿರುಗಿಸಿದ. ಕದಲಲಿಲ್ಲ. ಕೈಯನ್ನು ಪೂರ್ತಿ ಪಕ್ಕಕ್ಕೆ ಸರಿಸಿದ, ಎದುರಿನ ಬಾಳೆಯ ಎಲೆಯ ಮೇಲೂ ಅದೇ ಹಾಲು, ಅದೇ ಕೆನೆ.

ಆ ಕ್ಷಣದಲ್ಲಿ ಅವನಿಗೆ ಗೊತ್ತಾಯಿತು. ಗೊತ್ತಾದದ್ದರ ಹಿಂದೆಯೇ ಇನ್ನೊಂದು ಯೋಚನೆ ಓಡಿ ಬಂತು: ಹಾಲು ಕಲ್ಲಿನ ತುಂಬ ಸಮನಾಗಿ ಹರಡಿದ್ದರೆ, ತಿರುಗಿಸಿದರೂ ಇದ್ದ ಹಾಗೇ ಕಾಣುವುದಲ್ಲವೇ? ಕಾಣಬಹುದಲ್ಲವೇ? ಮನುಷ್ಯನಿಗೆ ತನ್ನ ಮಾನ ಉಳಿಸಿಕೊಳ್ಳುವ ಹೊತ್ತಿಗೆ ಎಲ್ಲಿಂದಲೋ ಬುದ್ಧಿ ಬಂದುಬಿಡುತ್ತದೆ. ಬಾಗಿಲಲ್ಲಿ ಎಮಲಿನ್ ಸೀರೆಯ ಸೆರಗು ಹಿಡಿದು ನಿಂತಿದ್ದಳು. ಅವಳು ಕೆಮ್ಮಿದಳು. ಅವನು ಆ ಕಡೆ ತಿರುಗಲಿಲ್ಲ.

"ಹಾಲಿದೆ" ಎಂದ.

ಹೇಮಪಾಲನ ಬಾಯಿ ತೆರೆಯಿತು. ಕಟ್ಟಳೆ ನೆನಪಾಗಿ ಮುಚ್ಚಿತು.

"ಹಂಗಂದ್ರೆ ಮಾಮ, ಹಂಗೇ ಮಾರಿದ್ರೆ ನೆಲ ಬರಲ್ವಾ?" ಯಸವತಿ ಕೇಳಿದಳು.

"ಬರಲ್ಲ."

"ಸುಡಿಸಿದ್ರೆ?"

"ಬರುತ್ತೆ. ಮಿಗೋದಿಲ್ಲ, ಅಷ್ಟೆ."

ಯಸವತಿ ಎಲೆಯ ಕಟ್ಟನ್ನು ಅವನ ಕಾಲ ಬಳಿ ಇಟ್ಟು ಬಗ್ಗಿ ಕೈಮುಗಿದಳು. ಎಲೆಯ ಕೆಳಗೆ ಏನಿದೆಯೆಂದು ಅಂದು ಎಮಲಿನ್ ನೋಡಲಿಲ್ಲ.

ಕುಲುಮೆ ಇದ್ದದ್ದು ಉವೈಸನ ಹತ್ತಿರ. ಕರಾವಳಿಯ ಬೇರುವಲದವನು, ಇಪ್ಪತ್ತು ವರ್ಷದಿಂದ ನಮ್ಮ ಪೇಟೆಯಲ್ಲೇ ಗ್ಯಾಸಿನ ಕುಲುಮೆ ಇಟ್ಟುಕೊಂಡವನು. ಸುಡುವವನು ಬೆಲೆ ಹೇಳಬಾರದು ಎಂಬುದು ಅವನ ಕಸುಬಿನ ನಿಯಮ. ಹೇಳಿದರೆ ಎಲ್ಲ ಕಲ್ಲಿಗೂ ಬೆಂಕಿ ಬೇಕೆಂದೇ ಹೇಳಿಯಾನು. ಆದರೂ ಮರುದಿನ ಬೆಳಿಗ್ಗೆ ಅವನು ಜಗಲಿಗೆ ಬಂದ.

"ಮಾಮ, ತಪ್ಪು ತಿಳ್ಕೋಬೇಡಿ. ನನ್ನ ಕಣ್ಣಿಗೆ ಹಾಲು ಕಾಣ್ತಿಲ್ಲ. ಒಂದು ನೀರಿನ ಗುಳ್ಳೆ ಮಾತ್ರ ಕಾಣ್ತಿದೆ, ಸಾಸಿವೆಯಷ್ಟು. ಗುಳ್ಳೆ ಇರೋ ಕಲ್ಲು ಬೆಂಕೀಲಿ ಸಿಡಿಯುತ್ತೆ. ಇನ್ನೊಂದು ಸಲ ನೋಡಿಬಿಡಿ."

ಒಂದು ಸಲ ತಪ್ಪಿದವನಿಗೆ ದೇವರು ಎರಡನೆಯ ಬಾಗಿಲು ತೆರೆದು ಕೊಡುವುದುಂಟು. ಸಿಯದೋರಿಸ್ ಅದನ್ನು ಒದ್ದು ಮುಚ್ಚಿದ.

"ನೀನು ಬೆಂಕಿ ನೋಡ್ಕೋ ಉವೈಸ್. ಕಲ್ಲು ನೋಡೋಕೆ ನಾನಿದ್ದೀನಿ. ನೀನು ಬೇರುವಲದಲ್ಲಿ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಲೇ ನಾನು ಕಲ್ಲು ನೋಡ್ತಿದ್ದೆ."

"ಸರಿ ಮಾಮ" ಎಂದ ಉವೈಸ್. "ಮಾತು ನಿಮ್ಮದು, ಬೆಂಕಿ ನಂದು."

ಕಲ್ಲಿನ ಒಂದು ಅಂಚು ಒಡಕಲಾಗಿತ್ತು. ಉವೈಸ್ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಉಳಿದದ್ದನ್ನು ಕುಲುಮೆಗೆ ಇಳಿಸಿದ. ಬೆಂಕಿ ಆರಿ, ತಣ್ಣಗಾಗಿ, ಮೂಸೆ ಮಗುಚಿದಾಗ ಎರಡು ಹೋಳು ಬಿದ್ದವು. ಸತ್ತ ಮೀನಿನ ಕಣ್ಣಿನಂಥ ಬಣ್ಣ. ಈಗ ಅದರಲ್ಲಿ ನಿಜವಾಗಿಯೂ ಹಾಲಿತ್ತು.

ಪೇಟೆಯಲ್ಲಿ ಸುದ್ದಿ ಹರಡಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಸಿಯದೋರಿಸ್ ಮಾಮ ತಪ್ಪುವುದುಂಟೇ? ಆದ್ದರಿಂದ ಉವೈಸನೇ ಕಲ್ಲು ಬದಲಾಯಿಸಿದ್ದಾನೆ. ಒಳ್ಳೆಯದನ್ನು ನುಂಗಿ ಕಸವನ್ನು ಕೊಟ್ಟಿದ್ದಾನೆ, ಅದೂ ಸತ್ತವನ ಕಲ್ಲನ್ನು. ಸಂಜೆಯೊಳಗೆ ಅವನ ಗ್ಯಾಸಿನ ಕೊಳವೆ ತುಂಡಾಗಿತ್ತು. ಮರುದಿನ ಕುಲುಮೆಯ ಬಾಗಿಲು ಮುರಿದಿತ್ತು, ಅವನ ಮುಂಗೈಯೂ. ಅವನು ಹೆಂಡತಿ ಮಕ್ಕಳನ್ನು ಬಸ್ಸು ಹತ್ತಿಸಿ, ಮುರಿದ ಕೈಗೆ ಬಟ್ಟೆ ಕಟ್ಟಿಕೊಂಡು ಸಿಯದೋರಿಸನ ಹಿತ್ತಲ ಬಾಗಿಲಿಗೆ ಬಂದ.

"ಬೈಯೋಕೆ ಬಂದಿಲ್ಲ ಮಾಮ. ಇದು ಆ ಕಲ್ಲಿಂದೇ ಕಿತ್ತಿದ್ದು, ಬೆಂಕಿಗೆ ಹಾಕಿಲ್ಲ. ನೀವು ನೋಡಿ. ನೋಡಿ, ಹಾಲಿದೆ ಅಂದ್ರೆ ನಾನು ಊರು ಬಿಟ್ಟು ಹೋಗ್ತೀನಿ."

ಚೂರು ಸಿಯದೋರಿಸನ ಅಂಗೈಯಲ್ಲಿ ಅಕ್ಕಿಯ ನುಚ್ಚಿನಷ್ಟಿತ್ತು. ಅವನು ಭೂತಗನ್ನಡಿ ಎತ್ತಲಿಲ್ಲ. ಹೆಂಡತಿಯ ಕಡೆಗೆ ಕೈ ಚಾಚಿ, "ಎಮಲಿನ್, ಇದೇನು ನೋಡು" ಎಂದ.

ನಲವತ್ತು ವರ್ಷದಲ್ಲಿ ಅವನು ಅವಳಿಗೆ ಒಂದು ಕಲ್ಲನ್ನೂ ತೋರಿಸಿದವನಲ್ಲ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, ಚೂರನ್ನು ಬಿಸಿಲಿಗೆ ಹಿಡಿದಳು.

"ನೀಲಿ" ಎಂದಳು.

"ಹಾಲು?"

"ಹಾಲೂ ಇಲ್ಲ, ಮಜ್ಜಿಗೆಯೂ ಇಲ್ಲ. ಮಳೆ ನಿಂತ ಮೇಲೆ ಶ್ರೀಪಾದದ ಬೆಟ್ಟ ಕಾಣುತ್ತಲ್ಲ, ಹಂಗಿದೆ." ಚೂರನ್ನು ಅವನ ಅಂಗೈಗೆ ವಾಪಸು ಹಾಕಿದಳು. "ನಾನು ಅವತ್ತು ಕೆಮ್ಮಿದೆನಲ್ಲ, ಯಾಕೆ ತಿರುಗಿ ನೋಡ್ಲಿಲ್ಲ ನೀವು?"

ಮರುದಿನ ಸಿಯದೋರಿಸ್ ಕೋಲು ಊರಿಕೊಂಡು ಪೇಟೆ ಬೀದಿಯ ನಡುವೆ ನಿಂತು ಹೇಳಿದ: ಉವೈಸನ ತಪ್ಪಿಲ್ಲ, ಕಲ್ಲಿನಲ್ಲಿ ಹಾಲಿರಲಿಲ್ಲ, ಪೊರೆ ಇದ್ದದ್ದು ನನ್ನ ಕಣ್ಣಿನಲ್ಲಿ, ಮೂರು ವರ್ಷದಿಂದ ನನಗೆ ಯಾವ ಕಲ್ಲೂ ನೆಟ್ಟಗೆ ಕಾಣುತ್ತಿಲ್ಲ.

ಆಮೇಲೆ ಯಾರೋ "ನೋಡಿದ್ರಾ ಮನಸ್ಸು! ಕಳ್ಳನ್ನ ಉಳಿಸೋಕೆ ತನ್ನ ಕಣ್ಣನ್ನೇ ಬಲಿ ಕೊಡ್ತಿದ್ದಾನೆ" ಎಂದರು. ಇನ್ನೊಬ್ಬ ದಲ್ಲಾಳಿ ನಗುತ್ತ ಮುಂದೆ ಬಂದು ಅವನ ಕೈಗೆ ಒಂದು ಕಲ್ಲು ತುರುಕಿದ.

"ಕುರುಡ ಮಾಮ, ಹಾಗಾದ್ರೆ ಇದೇನು ಹೇಳಿ. ಸಾಲದ್ದಕ್ಕೆ ಮಳೆ ಬೇರೆ ಜಾಸ್ತಿ ಈ ವರ್ಷ, ಅಲ್ವಾ?"

"ಸುಟ್ಟಿದ್ದು" ಎಂದುಬಿಟ್ಟ ಸಿಯದೋರಿಸ್. ಅಭ್ಯಾಸಬಲ. ಹವಾಮಾನದ ಮಾತು ಕಿವಿಗೆ ಬಿದ್ದದ್ದೇ ತಡ, ಬಾಯಿ ತಾನಾಗಿ ತೆರೆದಿತ್ತು.

ಕಲ್ಲು ಸುಟ್ಟದ್ದೇ ಆಗಿತ್ತು. ಬೀದಿಯೆಲ್ಲ ಹೋ ಎಂದು ನಕ್ಕಿತು. ನಲವತ್ತು ವರ್ಷ ಅವನು ಹೇಳಿದ್ದನ್ನೆಲ್ಲ ನಂಬಿದ್ದ ಪೇಟೆ, ಇದೊಂದನ್ನು ನಂಬಲಿಲ್ಲ. ಅವನಿಗೆ ಚಹಾ ಕುಡಿಸಿ, ಇಬ್ಬರು ಹಿಡಿದು ಮನೆ ಮುಟ್ಟಿಸಿದರು.

ಮೂರು ತಿಂಗಳ ದಾನ ಮುಗಿಯಿತು. ಭೂಮಿಯೊಡೆಯ ಮಾತಿನಂತೆ ಒಂದು ದಿನವೂ ಮುಂಚೆ ಬರಲಿಲ್ಲ, ಒಂದು ದಿನವೂ ತಡಮಾಡಲಿಲ್ಲ. ಸಮಾಧಿಯ ಸುತ್ತ ನಾಲ್ಕು ಅಡಿ ಬಿಟ್ಟು ತೋಡಿಸುತ್ತೇನೆ ಎಂದೂ ದೊಡ್ಡ ಮನಸ್ಸು ಮಾಡಿದ. ಗುಡಿಸಲು ಕಿತ್ತು, ದಾರ ಕಟ್ಟಿ, ಹೊಸ ಗುಂಡಿಗೆ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮುಹೂರ್ತ ಇಡಿಸಿದ್ದ. ಅಷ್ಟರೊಳಗೆ ಯಸವತಿ ಅಲ್ಲಿಂದ ಹೊರಡಬೇಕು.

ಎಮಲಿನ್‌ಳ ಭುಜ ಹಿಡಿದು ಸಿಯದೋರಿಸ್ ಅಲ್ಲಿಗೆ ಹೋದಾಗ ಅವಳು ತಳ್ಳುಗಾಡಿಗೆ ಪಾತ್ರೆ ಕಟ್ಟುತ್ತಿದ್ದಳು. ಅವನು ಎಲ್ಲ ಹೇಳಿದ. ಪೇಟೆಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಮಾತು ಬೇಕಾಯಿತು.

"ಅವತ್ತೇ ಗೊತ್ತಿತ್ತಾ, ಆಮೇಲೆ ಗೊತ್ತಾಯ್ತಾ?" ಯಸವತಿ ಕೇಳಿದಳು.

"ಅವತ್ತೇ."

ಅವಳು ಹಗ್ಗದ ಗಂಟು ಬಿಗಿದಳು. ಗಂಟು ಸರಿಯಾಗಲಿಲ್ಲವೆಂದು ಬಿಚ್ಚಿ ಇನ್ನೊಮ್ಮೆ ಬಿಗಿದಳು.

"ಎಮಲಿನ್ ಅಕ್ಕ, ಈ ಕಾಯಿ ತುರಿಯೋ ಮಣೆ ನಿಮ್ದು. ದಾನದ ದಿನ ತಂದಿದ್ದು, ಕೊಡೋಕೆ ಆಗಿರ್ಲಿಲ್ಲ" ಎಂದಳು. ಅವನ ಕಡೆ ಮತ್ತೆ ತಿರುಗಲಿಲ್ಲ.

"ಅರೆ, ಮಾಮ ಬಂದಿದ್ದಾರೆ!" ದಾರದ ಆಚೆಯಿಂದ ಹೇಮಪಾಲ ಕೂಗಿದ. ಹೊಸ ಗುಂಡಿಗೂ ಅವನೇ ಮೇಸ್ತ್ರಿ. "ಒಳ್ಳೇ ಹೊತ್ತಿಗೆ ಬಂದ್ರಿ. ಗುಂಡಿ ಕಾಯೋ ಸಮನ್ ದೇವರ ದೀಪ ನೀವೇ ಹಚ್ಚಿ. ನಿಮ್ಮ ಕೈ ಒಳ್ಳೇದು."

"ನಾನು ಬೇಡ ಕಣೋ."

"ಎಂಟು ಜನದ ಹೊಟ್ಟೆಪಾಡು ಮಾಮ. ಹಿರಿಯರು ಇಲ್ಲ ಅನ್ನಬಾರದು" ಎನ್ನುತ್ತ ಅವನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋಗಿ ಕೂರಿಸಿ, ಬೆಂಕಿಪೊಟ್ಟಣ ಕೈಗಿಟ್ಟ.

ಬಾಳೆಯೆಲೆಯ ಮೇಲೆ ಹೂವು, ಕಾಯಿಹಾಲಿನ ಕಿರಿಬತ್ತು ಅನ್ನ, ಮಣ್ಣಿನ ಹಣತೆ. ಹತ್ತು ಗಂಟೆಯ ಬಿಸಿಲು, ಕಲ್ಲು ನೋಡುವ ಬಿಸಿಲು, ನೇರ ಅವನ ಮುಖಕ್ಕೆ ಹೊಡೆಯುತ್ತಿತ್ತು. ಮೂರು ತಿಂಗಳಲ್ಲಿ ಕಣ್ಣಿನ ಹಾಲು ಗಟ್ಟಿಯಾಗಿ, ಅವನ ಮುಂದೆ ಇದ್ದದ್ದು ಬರೀ ಬಿಳುಪು. ಕಡ್ಡಿ ಗೀರಿದ. ಬೆಂಕಿ ಹಣತೆಯ ಅಂಚಿನ ಹೊರಗೆ ಇಳಿದು ಎಲೆಯನ್ನು ಸುಟ್ಟಿತು. ಯಾರೋ ನಕ್ಕರು. ಎರಡನೆಯ ಕಡ್ಡಿ ಎಣ್ಣೆಗೆ ಬಿದ್ದು ಚುಂಯ್ ಎಂದಿತು. ಮೂರನೆಯದನ್ನು ಅವನು ಹಣತೆಯಿಂದ ಒಂದು ಗೇಣು ಈಚೆಗೆ, ಏನೂ ಇಲ್ಲದ ಜಾಗದಲ್ಲಿ, ಬಹಳ ಭಕ್ತಿಯಿಂದ ಹಿಡಿದುಕೊಂಡ. ಕಡ್ಡಿ ಉರಿದು ಉರಿದು ಬೆರಳು ಮುಟ್ಟಿತು. ಅವನು ಕೈ ಬಿಡಲಿಲ್ಲ.

ನಗು ನಿಂತಿತ್ತು. ಹೇಮಪಾಲ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳನ್ನು ಅವನ ಕಣ್ಣ ಮುಂದೆ ಆಚೆ ಈಚೆ ಆಡಿಸಿದ. ಕಣ್ಣು ಹಿಂಬಾಲಿಸಲಿಲ್ಲ.

"ಅಯ್ಯೋ, ಉವೈಸ್..." ಎಂದ ಹೇಮಪಾಲ. ಕುಲುಮೆಯ ಬಾಗಿಲು ಮುರಿದವರಲ್ಲಿ ಅವನೂ ಇದ್ದ.

ಪೇಟೆ ನಂಬದೆ ಹೋದ ಮೇಲೆ ಉವೈಸ್ ಊರು ಬಿಟ್ಟು ಆಗಲೇ ಎರಡು ತಿಂಗಳಾಗಿತ್ತು. ತಳ್ಳುಗಾಡಿಯ ಗಾಲಿ ಕಿರುಗುಟ್ಟುತ್ತ ರಸ್ತೆ ಹತ್ತುತ್ತಿತ್ತು. ಮುಹೂರ್ತ ಮೀರುತ್ತದೆಂದು ಬೇರೆ ಯಾರೋ ಬಗ್ಗಿ ದೀಪ ಹಚ್ಚಿದರು. ಮೊದಲ ಗುದ್ದಲಿ ಯಸವತಿಯ ಒಲೆ ಇದ್ದ ಜಾಗಕ್ಕೆ ಬಿತ್ತು. ಅಲ್ಲಿ ಮಣ್ಣು ಮೆತ್ತಗಿತ್ತು.